ಬಾಂದುಕಲ್ಲಿನ ನೀಲಿ ಹಕ್ಕಿ

ಸಂಶಯವೇ ಸಕಲ ಜ್ಞಾನದ ಮೂಲ. ಹಿರಿಯರು ಯಾರಾದರೂ ಹೀಗೆ ಹೇಳಿಯೇ ಇರಬೇಕು. ಹೇಳಿಲ್ಲವಾದರೆ ನನ್ನ ಹೆಸರಿನಲ್ಲಿ ಬರೆದುಕೊಳ್ಳಿ, ಅಡ್ಡಿಯಿಲ್ಲ. ಈ ತತ್ತ್ವದ ಮೇಲೆ ಭಾರ ಹಾಕಿ ನಮ್ಮ ನಾಯಿ ಒಂದು ದಿನ ಗುಡ್ಡದ ಸಂದಿಯೊಂದನ್ನು ಆಳವಾಗಿ ಮೂಸಿ ನೋಡಿತು. ಒಳಗೆ ಮುಳ್ಳುಹಂದಿ ಇತ್ತು. ಅಂದು ಅದಕ್ಕೆ ದೊರೆತ ಜ್ಞಾನವನ್ನು ದನದ ದವಾಖಾನೆಯಲ್ಲಿ ಇಕ್ಕಳ ಹಿಡಿದು ಒಂದೊಂದಾಗಿ ಕಿತ್ತು ತೆಗೆಯಬೇಕಾಯಿತು.

ಇದೆಲ್ಲ ನೆನಪಾದದ್ದು ಮೊನ್ನೆ ಗೋಡೆಯ ಮಾಡದಲ್ಲಿ ಒಂದು ನೋಟುಬುಕ್ಕು ಸಿಕ್ಕಾಗ. ಅಂಗಿಯ ಜೇಬಿಗೆ ಹಿಡಿಸುವಷ್ಟು ಸಣ್ಣದು. ಒಂದು ಮೂಲೆಯನ್ನು ನಾಯಿ ಕಡಿದಿದೆ. ಶೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆಯವರೆಗಿನ ಒಂದು ತಿಂಗಳಲ್ಲಿ ನಾನು ಕಂಡ ಹಕ್ಕಿಗಳು ಅದರಲ್ಲಿವೆ. ಪ್ರತಿ ಹಕ್ಕಿಯ ಮುಂದೆ ಅದು ಕೂತಿದ್ದ ಹೊಲದ ಸರ್ವೆ ನಂಬರು, ಹಿಸ್ಸಾ ನಂಬರು. ಹಕ್ಕಿ ನೋಡುವವರು ಹೀಗೆ ಬರೆಯುವುದಿಲ್ಲವಂತೆ. 'ಬೇವಿನ ಮರದ ಮೇಲೆ' ಎಂದು ಬರೆದರೆ ಸಾಕಂತೆ. ಆದರೆ ನಾನು ಮೂವತ್ತಾರು ವರ್ಷ ಮೋಜಣಿ ಇಲಾಖೆಯಲ್ಲಿ ಸರಪಳಿ ಹಿಡಿದು ಜನರ ಹೊಲ ಅಳೆದವನು. ಬೇವಿನ ಮರ ಎಂದು ಬರೆದ ಕೂಡಲೇ, ಯಾರ ಬೇವಿನ ಮರ ಎಂಬ ಪ್ರಶ್ನೆ ನನ್ನೊಳಗೆ ಎದ್ದು ನಿಲ್ಲುತ್ತದೆ.

ಈ ನೋಟುಬುಕ್ಕಿನಲ್ಲಿ ಒಂದು ಹಕ್ಕಿ ಬೇರೆಲ್ಲವುಗಳಿಗಿಂತ ಹೆಚ್ಚು ಸಲ ಬಂದಿದೆ. ಪ್ರತಿ ಸಲವೂ ಅದೇ ಹೊಲ, ಅದೇ ಕಲ್ಲು. ಆ ಕಲ್ಲಿನ ಮೇಲೆ ಹಕ್ಕಿಯ ಜೊತೆಗೆ ಒಬ್ಬ ಹೆಣ್ಣುಮಗಳ ಮೂರು ಎಕರೆಯೂ ಕೂತಿತ್ತು. ದುರ್ಬೀನು ಹಿಡಿದಿದ್ದ ನನಗೆ ಅದು ಕಾಣಲಿಲ್ಲ. ಕಂಡವನು ಒಬ್ಬನೇ ಇದ್ದ. ಅವನು ನನ್ನನ್ನು ನೋಡಿದಾಗಲೆಲ್ಲ ಬೆವರುತ್ತಿದ್ದ. ನಾನು ಅವನ ಬೆವರನ್ನು ನೋಡಿ, ಇವನು ಹಕ್ಕಿಗೆ ಉರುಲು ಹಾಕುವ ಮನುಷ್ಯ ಎಂದು ತೀರ್ಮಾನಿಸಿದ್ದೆ.

ಹಕ್ಕಿಯ ಹುಚ್ಚು ನನಗೆ ಮೊದಲಿನಿಂದ ಇದ್ದದ್ದಲ್ಲ. ನಿವೃತ್ತಿಯಾದ ವರ್ಷ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಡಾಕ್ಟರು ದಿನಾ ಒಂದು ತಾಸು ನಡೆಯಿರಿ ಎಂದರು. ರೋಣದ ಎರೆ, ನರಗುಂದದ ಎರೆ, ಎಲ್ಲವನ್ನೂ ಸವೆಸಿದ ಕಾಲು ನನ್ನದು. ಆದರೆ ಆಗ ನಡೆಯಲು ಸರಕಾರ ಸಂಬಳ ಕೊಡುತ್ತಿತ್ತು. ಬರಿದೇ ನಡೆಯುವುದು ಹೇಗೆಂದು ತಿಳಿಯದೆ ಮೊದಲ ವಾರ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಹೋದದ್ದಕ್ಕೆ ಒಂದು ಉದ್ದೇಶ ಇರಲೆಂದು ಗಿರಮಿಟ್ಟು, ಮಿರ್ಚಿ ತಿಂದು ಬಂದೆ. ಸಕ್ಕರೆ ಇಳಿಯಲಿಲ್ಲ. ನರಗುಂದದ ಸಾಲೆಯಲ್ಲಿ ವಿಜ್ಞಾನ ಕಲಿಸುವ ಮಗಳು ಬಂದವಳು, ಅಪ್ಪನಿಗೆ ಬರೆದುಕೊಳ್ಳಲು ಏನಾದರೂ ಇಲ್ಲದಿದ್ದರೆ ಕಾಲು ಎತ್ತುವುದಿಲ್ಲ ಎಂಬುದನ್ನು ಕಂಡುಹಿಡಿದು, ಒಂದು ದುರ್ಬೀನನ್ನೂ ಚಿತ್ರಗಳಿದ್ದ ಹಕ್ಕಿ ಪುಸ್ತಕವನ್ನೂ ಕೊಟ್ಟುಹೋದಳು.

ನಾಯಿ ಬಂದದ್ದು ಬೇರೆ ದಾರಿಯಲ್ಲಿ. ಕೊಟ್ಟವನು ಅಪ್ಪಟ ಮುಧೋಳ ತಳಿ ಎಂದಿದ್ದ. ಬೆಳೆದ ಮೇಲೆ ನೋಡಿದರೆ ಮುಧೋಳಕ್ಕೂ ಅದಕ್ಕೂ ಇದ್ದ ಸಂಬಂಧ ನಮ್ಮ ಊರು ಗಜೇಂದ್ರಗಡಕ್ಕೂ ಮುಧೋಳಕ್ಕೂ ಇರುವಷ್ಟೇ: ನಡುವೆ ಎರಡು ಬಸ್ಸು ಬದಲಿಸಬೇಕು. ಯಾವ ಕೆಲಸವನ್ನೂ ಮಾಡದೆ ಎಲ್ಲದರ ಮೇಲ್ವಿಚಾರಣೆ ಮಾಡುತ್ತಿದ್ದುದರಿಂದ ನನ್ನ ಹೆಂಡತಿ ಅದಕ್ಕೆ ಕಾರಭಾರಿ ಎಂದು ಹೆಸರಿಟ್ಟಳು. ಹೆಸರಿಡುವಾಗ ಅವಳ ಕಣ್ಣು ಸ್ವಲ್ಪ ಹೊತ್ತು ನನ್ನ ಮೇಲೂ ಇತ್ತು ಎಂಬುದು ನನ್ನ ಸಂಶಯ.

ನಮ್ಮ ಊರಿನಲ್ಲಿ ಅರವತ್ತು ದಾಟಿದ ಮನುಷ್ಯ ಬೆಳಿಗ್ಗೆ ಎದ್ದು ಗುಡಿಗೆ ಹೋಗಬಹುದು, ಹೊಲಕ್ಕೆ ಹೋಗಬಹುದು, ಚಹಾದಂಗಡಿಗೆ ಹೋಗಬಹುದು. ಕೊರಳಿಗೆ ದುರ್ಬೀನು ಹಾಕಿಕೊಂಡು, ಬಗಲಲ್ಲಿ ನಾಯಿ ಕಟ್ಟಿಕೊಂಡು ಗುಡ್ಡದ ಕಡೆ ಹೋಗಬೇಕಾದರೆ ಕಾರಣ ಬೇಕು. ಹಕ್ಕಿ ಎಂಬುದು ಕಾರಣವಲ್ಲ ಎಂದು ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿ ಎರಡೇ ದಿನದಲ್ಲಿ ಠರಾವು ಮಾಡಿತು. ಗುಡ್ಡದ ಮೇಲಿನ ಕೋಟೆಯಲ್ಲಿ ನಿಧಿ ಹುಡುಕುತ್ತಿದ್ದೇನೆ ಎಂದು ಒಂದು ಬೆಂಚು ಹೇಳಿತು. ಗುಡ್ಡದ ಮೇಲೆ ಗಾಳಿ ಫ್ಯಾನು ನಿಲ್ಲಿಸುವವರು ಮತ್ತೆ ಜಾಗ ನೋಡುತ್ತಿದ್ದಾರೆ, ಒಳಗಿನ ಮನುಷ್ಯ ನಾನೇ ಎಂದು ಇನ್ನೊಂದು ಬೆಂಚು ಹೇಳಿತು. ಮೋಜಣಿ ಮಾಡಿದವನು ಸುಮ್ಮನೆ ಭೂಮಿ ನೋಡುವುದಿಲ್ಲ ಎಂಬಲ್ಲಿ ಎರಡೂ ಬೆಂಚಿನವರಿಗೆ ಒಮ್ಮತವಿತ್ತು. ಅಂಗಡಿಯ ಈರಪ್ಪ ಒಂದು ದಿನ ಚಹಾ ಕೊಡುತ್ತ ಕೇಳಿಯೇಬಿಟ್ಟ.

"ಸಾಹೇಬ್ರ, ಹಕ್ಕಿ ನೋಡಾಕ ನಾಯಿ ಯಾಕ್ ಬೇಕ್ರಿ?"

"ನಾಯಿ ಹಕ್ಕೀನ ನೋಡಂಗಿಲ್ಲೋ. ನನ್ನ ನೋಡ್ಕೊಂತದ."

"ಅದನ್ನ ನಾವೂ ಮಾಡಾಕತ್ತೀವಲ್ರಿ," ಎಂದ ಈರಪ್ಪ.

ನನಗೆ ಬೇಸರವೇನೂ ಆಗಲಿಲ್ಲ. ಸಂಶಯದ ಮಡಿಲಲ್ಲೇ ಬೆಳೆದವನು ನಾನು. ನಮ್ಮಪ್ಪ ನೇಕಾರ, ನಮ್ಮ ಓಣಿಯಲ್ಲಿ ಮನೆಗೊಂದು ಕುಣಿಮಗ್ಗ. ಸೀರೆಯ ದಡಿಗೆ ಯಾವ ಎಳೆಯ ಪಕ್ಕ ಯಾವ ಎಳೆ ಹಾಕಿದ್ದಾನೆ ಎಂಬುದು ಸಂತೆಯ ದಿನದವರೆಗೂ ಆ ಮನೆಯ ಗುಟ್ಟು. ಆಚೆ ಮನೆಯವರು ಸುಣ್ಣದ ಡಬ್ಬಿ ಕೇಳಲು ಬಂದರೂ ಅಪ್ಪ ಮೊದಲು ಹೆಗಲ ಮೇಲಿನ ಟಾವೆಲನ್ನು ಮಗ್ಗದ ಮೇಲೆ ಒಗೆದು, ಆಮೇಲೆ 'ಬರ್ರಿ ಬರ್ರಿ' ಎನ್ನುತ್ತಿದ್ದ. ಬಂದವರೂ ಮರ್ಯಾದಸ್ಥರು, ಮಗ್ಗವೊಂದನ್ನು ಬಿಟ್ಟು ಮನೆಯ ಮಿಕ್ಕೆಲ್ಲವನ್ನೂ, ಜಂತಿಯನ್ನು ಕೂಡ, ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಆ ಜಂತಿಯಲ್ಲಿ ಗುಬ್ಬಿ ಗೂಡು ಇತ್ತು. ಕುಣಿಯ ಸುತ್ತ ಬಿದ್ದ ತುಂಡು ಎಳೆಗಳನ್ನು ಗುಬ್ಬಿ ಎತ್ತಿಕೊಂಡು ಹೋಗುವುದನ್ನು ಅಪ್ಪ ಒಮ್ಮೆ ಕಂಡ. ಬಣ್ಣ ಹೊರಗೆ ಹೋಗುತ್ತಿದೆ ಎಂದು ಅವನಿಗೆ ಅನ್ನಿಸಿತು. ನಿಚ್ಚಣಿಕೆ ಹಾಕಿ ಹತ್ತಿ ಗೂಡಿನಿಂದ ಎಳೆ ಬಿಡಿಸತೊಡಗಿದ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆಯೆತ್ತದೆ, "ಗುಬ್ಬಿ ಏನ್ ಮಗ್ಗಾ ಹಾಕಂಗಿಲ್ಲ, ಇಳೀರಿ ಕೆಳಗ," ಎಂದಳು. ಅಪ್ಪ ಇಳಿದ, ಆದರೆ ಗೂಡಿನಲ್ಲಿ ಸಿಕ್ಕ ಒಂದು ಎಳೆಯನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದ. ಹುರಿ ನೋಡಿದರೆ ಅದು ಆಚೆ ಮನೆಯ ಎಳೆ. ಬಣ್ಣ ನಮ್ಮದೇ. ಎರಡು ಮನೆಯವರೂ ಆರು ವರ್ಷದಿಂದ ಒಂದೇ ದಡಿಯನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟು ನೇಯುತ್ತಿದ್ದರು. ಅಂದಿನಿಂದ ಅಪ್ಪ ಟಾವೆಲು ಒಗೆಯುವುದನ್ನು ಬಿಟ್ಟನೇ ಎಂದು ಕೇಳುತ್ತೀರಿ. ಇಲ್ಲ, ಎರಡು ಟಾವೆಲು ಒಗೆಯತೊಡಗಿದ.

ಇರಲಿ. ಹೊಲಕ್ಕೆ ಬರೋಣ.

ಗುಡ್ಡದ ಬುಡದಲ್ಲಿ ಫಕೀರಪ್ಪನ ಒಂಬತ್ತು ಎಕರೆ ಇದೆ. ಕೆಳಗಿನದು ಎರೆ, ಗುಡ್ಡಕ್ಕೆ ಹತ್ತಿದ್ದು ಬರೀ ಗರಸು. ಹೊಲದ ನಡುವೆ ಸೊಂಟದೆತ್ತರದ ಒಂದು ಬಾಂದುಕಲ್ಲು ಇತ್ತು. ಇದರ ಕಥೆ ನನಗೆ ತಿಳಿದದ್ದು ಕಡೆಗೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಫಕೀರಪ್ಪನ ತಂದೆ ನಿಂಗಪ್ಪಜ್ಜ ಬಹಳ ವರ್ಷಗಳ ಹಿಂದೆ, ಮಗಳು ಶಂಕ್ರವ್ವನಿಗೆಂದು ಆ ಹೊಲದಲ್ಲಿ ಮೂರು ಎಕರೆ ಅಳೆಸಿ ಆ ಕಲ್ಲು ನಿಲ್ಲಿಸಿದ್ದ. ಕಾಗದ ಆಗುವುದರೊಳಗೆ ಅಜ್ಜ ತೀರಿಕೊಂಡ. ಹೊಲವೆಲ್ಲ ಫಕೀರಪ್ಪನ ಹೆಸರಿಗೆ ಬಂತು. ಶಂಕ್ರವ್ವನನ್ನು ಮೆಣಸಗಿಗೆ ಕೊಟ್ಟಿದ್ದರು. ಮಲಪ್ರಭೆ ಊರೊಳಗೆ ಬಂದ ವರ್ಷ ಅವಳ ಮನೆ ಬಿತ್ತು. ಮುಂದೆ ಗಂಡನೂ ಹೋದ. ಅವಳು ಕೂಲಿ ಮಾಡಿದಳು, ಕೂಲಿ ಇಲ್ಲದ ತಿಂಗಳುಗಳಲ್ಲಿ ಗೋವಾಕ್ಕೆ ಹೋಗಿ ಕಟ್ಟಡಕ್ಕೆ ಉಸುಕು ಹೊತ್ತಳು. ತನ್ನ ಮೂರು ಎಕರೆ ಕೇಳಬೇಕೆಂದು ಎರಡು ಸಲ ತವರಿಗೆ ಬಂದಿದ್ದಳು. ಎರಡು ಸಲವೂ ಉಂಡು, ಅಣ್ಣ ಉಡಿಸಿದ ಸೀರೆ ಉಟ್ಟು, ಕೇಳದೆ ಹೋಗಿದ್ದಳು. ಆ ಕಲ್ಲು ಯಾಕೆ ಅಲ್ಲಿದೆ ಎಂಬುದಕ್ಕೆ ಹೊರಗಿನ ಸಾಕ್ಷಿ ಒಬ್ಬನೇ: ಅದನ್ನು ಅಳೆದುಕೊಟ್ಟ ಮೋಜಣಿದಾರ. ಅವನು ನಾನು. ನಾನು ಅದನ್ನು ಸಂಪೂರ್ಣ ಮರೆತಿದ್ದೆ.

ಸರಕಾರದ ನಕಾಶೆಯಲ್ಲಿ ಇಲ್ಲದ ಕಲ್ಲೊಂದು ಹೊಲದ ನಟ್ಟನಡುವೆ ಯಾಕೆ ನಿಂತಿದೆ ಎಂಬ ಸಂಶಯ ನನಗೆ ಬರಬೇಕಿತ್ತು. ಎಲ್ಲದರ ಮೇಲೂ ಬಂದ ಸಂಶಯ ಅದೊಂದರ ಮೇಲೆ ಬರಲಿಲ್ಲ. ಯಾಕೆಂದರೆ ಶೀಗಿ ಹುಣ್ಣಿಮೆಯ ಮಾರನೆಯ ದಿನ ಆ ಕಲ್ಲಿನ ಮೇಲೆ ಒಂದು ನೀಲಿ ಹಕ್ಕಿ ಕೂತಿತ್ತು.

ದೂರದಿಂದ ಕಪ್ಪು ಎನ್ನಿಸುವ ನೀಲಿ. ನೀರಲ ಹಣ್ಣಿಗೂ ಅಪ್ಪನ ಸೀರೆಯ ಮೈಬಣ್ಣಕ್ಕೂ ನಡುವಿನದು. ಪುಸ್ತಕ ತೆರೆದರೆ, ಇದು ಬೆಟ್ಟದಾಚೆಯ ಚಳಿ ನಾಡಿನಿಂದ ಬರುವ ಹಕ್ಕಿ, ಬಂಡೆಗಳ ಮೇಲೆ ಒಂಟಿಯಾಗಿ ಕೂರುತ್ತದೆ, ಒಮ್ಮೆ ಹಿಡಿದ ಜಾಗಕ್ಕೆ ವರ್ಷ ವರ್ಷವೂ ಬರುತ್ತದೆ, ಬೇರೆಯವರನ್ನು ಹತ್ತಿರ ಬಿಡುವುದಿಲ್ಲ ಎಂದಿತ್ತು. ನನಗೆ ರೋಮಾಂಚನವಾಯಿತು. ಪಹಣಿ ಉತಾರವಿಲ್ಲ, ನಕಾಶೆಯಿಲ್ಲ, ಸಾವಿರಾರು ಮೈಲಿ ಆಚೆಯಿಂದ ಬಂದು ವರ್ಷ ವರ್ಷ ಕೂತ ವಹಿವಾಟೊಂದರ ಮೇಲೆ ಜಾಗ ಉಳಿಸಿಕೊಂಡಿದೆ. ನನ್ನ ಸೇವಾವಧಿಯಲ್ಲಿ ಇಷ್ಟು ಸ್ವಚ್ಛವಾದ ಕಬಜೆಯನ್ನು ನಾನು ಕಂಡಿರಲಿಲ್ಲ. ಟಿಟ್ಟಿಭ, ಕಾಜಾಣ, ಕುಂಡೆಕುಸ್ಕ ಎಲ್ಲವನ್ನೂ ಒಂದು ಸಾಲಿನಲ್ಲಿ ಮುಗಿಸಿ, ದಿನಾ ಬೆಳಿಗ್ಗೆ ಆ ಕಲ್ಲಿನ ಎದುರು ಅರ್ಧ ತಾಸು ನಿಲ್ಲತೊಡಗಿದೆ. ಹಕ್ಕಿ ಹಾರಿದ ಮೇಲೆ ಕಾರಭಾರಿ ಹೋಗಿ ಕಲ್ಲನ್ನು ಮೂಸಿ, ಕಾಲೆತ್ತಿ, ತನ್ನ ವಹಿವಾಟನ್ನೂ ದಾಖಲಿಸಿ ಬರುತ್ತಿತ್ತು.

ನಾಲ್ಕನೆಯ ದಿನ ಫಕೀರಪ್ಪ ಬಂದ. ಅವನಿಗೆ ಆಗಲೇ ಅರವತ್ತರ ಹತ್ತಿರ. ನನಗಿಂತ ಐದಾರು ವರ್ಷ ಚಿಕ್ಕವನು.

"ಏನ್ ನೋಡಾಕತ್ತೀರಿ ಸಾಹೇಬ್ರ?"

"ಆ ಕಲ್ಲ ಮ್ಯಾಲ ನೋಡು," ಎಂದೆ ಮೆಲ್ಲಗೆ.

ಅವನು ಬಂದ ಸಪ್ಪಳಕ್ಕೆ ಹಕ್ಕಿ ಆಗಲೇ ಹಾರಿತ್ತು. ಅವನು ಬರೀ ಕಲ್ಲನ್ನು ನೋಡಿದ. ನೋಡಿ, ಅದು ಬಹಳ ಹಳೆಯದು, ಎತ್ತು ಮೈ ತಿಕ್ಕಿಕೊಳ್ಳಲೆಂದು ಯಾರೋ ಹಿರಿಯರು ನಿಲ್ಲಿಸಿದ್ದು ಎಂದ. ಯಾರೂ ಕೇಳದ ವಿವರ ಅದು. ನಾನು ಹಕ್ಕಿಯ ಧ್ಯಾನದಲ್ಲೇ, ಇರಲಿ, ಅದನ್ನು ಮಾತ್ರ ಮುಟ್ಟಬೇಡ, ನಾನು ದಿನಾ ಬಂದು ನೋಡುತ್ತೇನೆ ಎಂದೆ. ಆಶ್ವೀಜದ ಎಳೆ ಚಳಿಯಲ್ಲಿ ಅವನ ಹಣೆಯ ಮೇಲೆ ಬೆವರು ಕಂಡದ್ದು ಆಗಲೇ. ಉರುಲು ಹಾಕುವವನೇ ಸರಿ, ಎಂದುಕೊಂಡೆ.

ಮರುದಿನ ಮನೆಗೆ ಒಂದು ಚೀಲ ಶೇಂಗಾ ಬಂತು. ಎರಡು ದಿನ ಬಿಟ್ಟು ಉಳ್ಳಾಗಡ್ಡಿ. ಆಮೇಲೆ ಒಂದು ಕುಂಬಳಕಾಯಿ, ಎರಡೂ ಕೈಯಲ್ಲಿ ಎತ್ತಬೇಕಾದಂಥದ್ದು. ಸರಕಾರಿ ನೌಕರನ ಅನುಭವದಲ್ಲಿ, ಹಿಂದೆ ಒಂದು ಅರ್ಜಿ ಇಲ್ಲದೆ ಕುಂಬಳಕಾಯಿ ಮನೆಗೆ ಬರುವುದಿಲ್ಲ. ನಾನು ಹೊರಳಿಸಿ ಹೊರಳಿಸಿ ನೋಡಿದೆ. ಹೆಂಡತಿ ಕುಡುಗೋಲು ಹಿಡಿದು ನನ್ನನ್ನೇ ನೋಡಿದಳು.

"ರಿಟೈರ್ ಆದವ್ರಿಗೆ ಯಾರರ ಇಷ್ಟ ದೊಡ್ಡದು ಕೊಡ್ತಾರೇನ್ರಿ? ಖರೇ ಹೇಳ್ರಿ, ಏನ್ ಬರದುಕೊಟ್ಟೀರಿ ಅವಗ?"

ಏನೂ ಬರೆದುಕೊಟ್ಟಿಲ್ಲ ಎಂದೆ. ಏನೂ ಇಲ್ಲದಿದ್ದರೆ ಇಷ್ಟು ಲಗೂ ಉತ್ತರ ಕೊಡುತ್ತಿರಲಿಲ್ಲ ಎಂದು ಅವಳು ಕುಂಬಳಕಾಯಿಯನ್ನು ಎರಡು ಹೋಳು ಮಾಡಿದಳು.

ಮರುದಿನ ಉರುಲು ಹುಡುಕಿಯೇಬಿಡೋಣ ಎಂದು ಫಕೀರಪ್ಪನ ಹೊಲದ ಬದುವಿನಿಂದ ಕಲ್ಲಿನವರೆಗೆ ನೆಲ ನೋಡುತ್ತ ನಡೆದೆ. ನಡೆಯುವಾಗ ಹೆಜ್ಜೆ ಎಣಿಸುವುದು ನನ್ನ ಚಾಳಿ. ಗುಡಿ ಸುತ್ತುವಾಗಲೂ ಎಣಿಸುತ್ತೇನೆ, ದೇವರಿಗೆ ಅಭ್ಯಾಸವಾಗಿದೆ. ಎಣಿಸಿದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದೂ ಚಾಳಿಯೇ: ಇನ್ನೂರಾ ಹದಿನೆಂಟು. ಉರುಲು ಸಿಗಲಿಲ್ಲ. ತಲೆಯೆತ್ತಿದರೆ ಜೋಳದ ಕಣಕಿಯ ಬಣವಿಯ ಪಕ್ಕದಲ್ಲಿ ಫಕೀರಪ್ಪ ನಿಂತಿದ್ದ. ಕೈ ಎತ್ತಿ ನಮಸ್ಕಾರ ಮಾಡಿದ; ಕೈ ಇಳಿಸುವುದನ್ನು ಮರೆತ.

ಅದರ ಮಾರನೆಯ ಬೆಳಿಗ್ಗೆ ಕಲ್ಲು ಇರಲಿಲ್ಲ.

ಜೋಳದ ಎಳೆ ಪೈರಿನ ಅಂಚಿನಲ್ಲಿ, ಗರಸು ಶುರುವಾಗುವಲ್ಲಿ, ಹಸಿ ಮಣ್ಣು ಮುಚ್ಚಿದ ಒಂದು ವೃತ್ತ, ಅಷ್ಟೇ. ಮೇಲೆ ಹಕ್ಕಿ ಎರಡು ಸುತ್ತು ಹಾಕಿತು, ಗರಸಿನ ಕಡೆಗೆ ಹೋಯಿತು, ಮತ್ತೆ ಬಂತು, ಹೋಯಿತು. ನನಗೆ ನಿಜವಾಗಿಯೂ ಸಿಟ್ಟು ಬಂತು. ಇಷ್ಟು ದೂರದಿಂದ ಬಂದವನ ಕುರ್ಚಿ ಎಳೆದಂತಾಯಿತಲ್ಲ! ಕಾರಭಾರಿಗೆ ನನಗಿಂತ ಹೆಚ್ಚು ಸಿಟ್ಟು. ಅಷ್ಟು ದಿನದ ಅದರ ದಾಖಲೆಗಳು ಕಾಣೆಯಾಗಿದ್ದವು. ನೆಲ ಮೂಸುತ್ತ ಹೊರಟದ್ದು ನೇರವಾಗಿ ಬಣವಿಯ ಹಿಂದಕ್ಕೆ ಹೋಗಿ, ಕಣಕಿಯ ಸಿವುಡುಗಳನ್ನು ಕೆದರಿ, ಸಿಕ್ಕಿದ್ದರ ಮೇಲೆ ಕಾಲೆತ್ತಿತು. ಅಲ್ಲಿ ಕಲ್ಲು ಮಲಗಿತ್ತು. ಅದರ ಪಕ್ಕದಲ್ಲಿ, ಕುಡಿಯಲೆಂದು ತುಂಬಿಟ್ಟ ತಂಬಿಗೆ ಹಿಡಿದು, ಫಕೀರಪ್ಪ ಕುಕ್ಕರುಗಾಲಲ್ಲಿ ಕೂತಿದ್ದ.

"ಕಲ್ಲು ಯಾಕ ಕಿತ್ತಿ ಫಕೀರಪ್ಪ?" ಎಂದು ಕೇಳಿದೆ. ನಾನು ಕೇಳಿದ್ದು ಹಕ್ಕಿಯ ಪರವಾಗಿ.

ಅವನು ತಂಬಿಗೆ ಕೆಳಗಿಟ್ಟ. "ನಿಮಗ ನೆನಪ ಐತಿ ಅಂತ ನನಗ ಮೊದಲನೇ ದಿನಾನ ಗೊತ್ತಾತ್ರಿ," ಎಂದ. "ಅಪ್ಪ ಅಳಸಿದ್ದು ಖರೇ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಶಂಕ್ರಿ ನಿಮ್ಮ ಕಡೆ ಬಂದು ಅಳೂದು ಏನಿತ್ರಿ? ನನ್ನ ಕೇಳಬೇಕಿತ್ತಿಲ್ಲೋ?"

ನನಗೆ ಒಂದು ಮಾತೂ ತಿಳಿಯಲಿಲ್ಲ. ಸರಕಾರಿ ಕಚೇರಿಯಲ್ಲಿ ನಾನು ಕಲಿತ ವಿದ್ಯೆ ಒಂದೇ: ಎದುರಿನವನು ತಾನಾಗಿ ಮಾತಾಡುವಾಗ ಬಾಯಿ ಮುಚ್ಚಿಕೊಂಡಿರುವುದು. ಅವನು ಎಲ್ಲವನ್ನೂ ಹೇಳಿದ. ಅಪ್ಪ ಹೇಳಿದ್ದು, ಕಾಗದ ಆಗದೆ ಉಳಿದದ್ದು, ಈ ವರ್ಷ ಮಾಡೋಣ ಮುಂದಿನ ವರ್ಷ ಮಾಡೋಣ ಎಂದು ವರ್ಷಗಳು ಹೋದದ್ದು. ಉಳುವಾಗ ಪ್ರತಿ ಸಲವೂ ಎತ್ತು ಆ ಕಲ್ಲಿನ ಹತ್ತಿರ ಬಂದಾಗ ತಾನು ಬೇರೆ ಕಡೆ ನೋಡುತ್ತಿದ್ದುದು. ಅವಳು ಎರಡು ಸಲ ಬಂದು ಕೇಳದೆ ಹೋದದ್ದೂ ಅವನಿಗೆ ತಿಳಿದಿತ್ತು. ಅವಳು ಕೇಳಿಬಿಟ್ಟಿದ್ದರೆ ಬೈದು ಕಳಿಸುತ್ತಿದ್ದೆ, ಕೇಳಲಿಲ್ಲವಲ್ಲ ಸಾಹೇಬ್ರ, ಅದೇ ಕಡೀತದ, ಎಂದ.

ಅಲ್ಲಿ ನಿಂತಲ್ಲೇ ನನಗೂ ನೆನಪಾಯಿತು. ನಿಂಗಪ್ಪಜ್ಜನ ಮುಖವಲ್ಲ, ಮೂರು ಎಕರೆಯಲ್ಲ. ಅಂದು ಬದುವಿನ ಮೇಲೆ ಕೂರಿಸಿ ಬಿಸಿ ರೊಟ್ಟಿಯ ಜೊತೆಗೆ ಅವರು ಬಡಿಸಿದ ಅಗಸಿ ಹಿಂಡಿ. ನನ್ನ ನೆನಪಿನ ಯೋಗ್ಯತೆ ಅಷ್ಟು.

ಪ್ರಾಮಾಣಿಕನಾದವನು ಆಗ ಹೇಳಬೇಕಾದದ್ದು ಇಷ್ಟು: 'ಫಕೀರಪ್ಪ, ನಿನ್ನ ತಂಗಿಯನ್ನು ನಾನು ಕಂಡೇ ಇಲ್ಲ. ನಾನು ಹಕ್ಕಿ ನೋಡಲು ಬರುತ್ತಿದ್ದೆ.' ಹೇಳಲೆಂದು ಬಾಯಿಯನ್ನೂ ತೆರೆದೆ. ಹೇಳಿದ್ದರೆ ಕಲ್ಲು ಬಣವಿಯ ಕೆಳಗೇ ಉಳಿಯುತ್ತಿತ್ತೇನೋ, ಅವನು ಒಂದು ದೊಡ್ಡ ಉಸಿರು ಬಿಟ್ಟು ಇನ್ನೊಂದು ಕುಂಬಳಕಾಯಿ ಕೊಡುತ್ತಿದ್ದನೇನೋ. ತೆರೆದ ಬಾಯಿಗೆ ಬೇರೆ ಕೆಲಸ ಕೊಟ್ಟೆ.

"ಕಲ್ಲು ಇದ್ದಲ್ಲೇ ಇಡು," ಎಂದೆ. "ನಾಳೆ ನೋಡಾಕ ಬರ್ತೀನಿ."

ಮರುದಿನ ಕಲ್ಲು ನಿಂತಿತ್ತು. ಇಷ್ಟು ಸುಲಭವಾಗಿ ನಿಂತ ಕಲ್ಲನ್ನು ನಂಬುವ ವಂಶ ನಮ್ಮದಲ್ಲ. ಬದುವಿನಿಂದ ಮತ್ತೆ ಎಣಿಸಿದೆ. ಇನ್ನೂರಾ ಹನ್ನೆರಡು! ಕಲ್ಲು ಆರು ಹೆಜ್ಜೆ ಸರಿದಿತ್ತು. ನನಗೆ ಬಹಳ ಸಮಾಧಾನವಾಯಿತು, ಮನುಷ್ಯನ ಬಗ್ಗೆ ನನಗಿದ್ದ ಅಭಿಪ್ರಾಯ ಕೆಡಲಿಲ್ಲ ಎಂದು. ಆಮೇಲೆ ಯಾವ ಕಡೆಗೆ ಸರಿದಿದೆ ಎಂದು ನೋಡಿದೆ. ಸರಿದದ್ದು ಫಕೀರಪ್ಪನ ಪಾಲಿನೊಳಕ್ಕೆ; ಅವನದು ಆರು ಹೆಜ್ಜೆ ಕಡಿಮೆ, ತಂಗಿಯದು ಆರು ಹೆಜ್ಜೆ ಹೆಚ್ಚು. ನಾನು ದುರ್ಬೀನು ಇಳಿಸಿ ಇನ್ನೊಮ್ಮೆ ಎಣಿಸಿದೆ. ಆ ಆರು ಹೆಜ್ಜೆಯೂ ಬರೀ ಗರಸು ನೆಲ, ಹುಲ್ಲೂ ಹುಟ್ಟದು ಎಂಬುದನ್ನು ಗಮನಿಸಿದ್ದು ಆಮೇಲೆ. ಕೊಡುವಾಗ ಕೊಂಚ ಹೆಚ್ಚೇ ಕೊಡುವುದು, ಆ ಹೆಚ್ಚಿನದನ್ನು ಮಾತ್ರ ಬಂಜರು ನೋಡಿ ಆರಿಸಿ ಕೊಡುವುದು. ಇದು ಪಶ್ಚಾತ್ತಾಪವೋ ವ್ಯವಹಾರವೋ ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಗೌರಿ ಹುಣ್ಣಿಮೆಗೆ ಶಂಕ್ರವ್ವ ತವರಿಗೆ ಬಂದಳು. ಈ ಸಲ ಅಣ್ಣನೇ ಮೆಣಸಗಿಗೆ ಹೋಗಿ ಕರೆದುಕೊಂಡು ಬಂದಿದ್ದ. ನಾನು ಕಂಡಾಗ ಹೊಲದ ಬದುವಿನ ಮೇಲೆ ನಿಂತಿದ್ದಳು: ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಗೌರಿಗೆ ಬೆಳಗುವ ಸಕ್ಕರೆ ಗೊಂಬೆಗಳ ಆರತಿಯ ಒಂದು ಕೆಂಪು ಗಿಳಿ, ಮಕ್ಕಳಿಗೆ ಕೊಡಲೆಂದು ಸೆರಗಿನಲ್ಲಿ ಇನ್ನಷ್ಟು. ಫಕೀರಪ್ಪ ದೂರದಲ್ಲಿ ಎತ್ತು ಕಟ್ಟುತ್ತಿದ್ದ. ಮೂರು ದಿನ ಮುನಿಸಿಕೊಂಡು ಆಮೇಲೆ ಹೊಸ ಜಾಗವನ್ನು ಒಪ್ಪಿದ್ದ ಹಕ್ಕಿ ಅಂದೂ ಕಲ್ಲಿನ ಮೇಲೆ ಬಂದು ಕೂತಿತ್ತು. ನಾನು ದುರ್ಬೀನು ಏರಿಸಿದ್ದನ್ನು ನೋಡಿ ಅವಳು ಹತ್ತಿರ ಬಂದಳು, ಕೈ ಚಾಚಿದಳು. ಕೊಟ್ಟೆ. ಬಹಳ ಹೊತ್ತು ನೋಡಿದಳು.

"ಚಂದ ಐತ್ರಿ ಅಣ್ಣಾರ," ಎಂದಳು. "ದಿನಾ ಇದನ್ನ ನೋಡಾಕ ಬರ್ತಿದ್ರ್ಯಾ?"

ಇವಳ ಮುಂದೆ ಸುಳ್ಳು ಹೇಳಲು ಕಾರಣವಿರಲಿಲ್ಲ. ಹೌದವಾ ಎಂದೆ.

"ಇದನ್ನ ಒಂದ?"

"ಇದನ್ನ ಒಂದ."

ಅವಳು ದುರ್ಬೀನನ್ನು ಮರಳಿ ನನ್ನ ಕೊರಳಿಗೆ ಹಾಕಿದಳು. ಅಣ್ಣನ ಕಡೆಗೊಮ್ಮೆ ನೋಡಿದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕುತ್ತಿದ್ದುದು ನಗೆಯಿಂದ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆ ಕೆಂಪು ಸಕ್ಕರೆ ಗಿಳಿಯನ್ನು ನನ್ನ ಕೈಯಲ್ಲಿಟ್ಟು, ಸಣ್ಣ ದನಿಯಲ್ಲಿ ಹೇಳಿದಳು.

"ಉತಾರದಾಗ ನನ್ನ ಹೆಸರ ಹತ್ತೂತನಕ ನಮ್ಮಣ್ಣಗ ಹೇಳಬ್ಯಾಡ್ರಿ."

ಸಕ್ಕರೆ ಗಿಳಿಯನ್ನು ಕಾರಭಾರಿ ತಿಂದಿತು. ನಾನು ಫಕೀರಪ್ಪನಿಗೆ ಹೇಳಲಿಲ್ಲ. ಹಕ್ಕಿ ಈ ವರ್ಷ ಇನ್ನೂ ಬಂದಿಲ್ಲ. ಹೊಲದ ಉತಾರದಲ್ಲಿ ಎರಡು ಹೆಸರಿವೆ.